ಅಡಗಿಸಿದ ಡಬ್ಬಿಗೂ ಒಬ್ಬರು ಬೇಕು

ಪುಣೆಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಹುಡುಕುವುದು ಕಷ್ಟ. ಕತ್ತಲಿರುವಾಗಲೇ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿ ನೋಡಿ, ನಿಮಗಿಂತ ಮುಂಚೆ ಹೋದವರು ಆಗಲೇ ಇಳಿದು ಬರುತ್ತಿರುತ್ತಾರೆ. ಮುಠಾ ನದಿಯ ದಂಡೆಯಲ್ಲಿ ಯಾರೋ ಬಟ್ಟೆ ಒಣಗಿಸುತ್ತಿರುತ್ತಾರೆ. ಪೇಟೆಯ ಹಳೆಯ ವಾಡೆಗಳ ನಡುವಿನ ಓಣಿಗಳಲ್ಲಂತೂ ಪ್ರತಿ ಕಟ್ಟೆಯ ಮೇಲೂ ಒಬ್ಬ ಅಜ್ಜ ಕೂತಿರುತ್ತಾರೆ. ಇಂಥ ಊರಲ್ಲಿ ಡಬ್ಬಿ ಅಡಗಿಸಿ, ಗುರುತಿಲ್ಲದ ಯಾರೋ ಬಂದು ಅದನ್ನು ಹುಡುಕಲಿ ಎಂದು ಕಾಯುವ ಹವ್ಯಾಸ ನನ್ನದು. ಇದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಒಬ್ಬರು ನೀರು ಹೋಗದ ಡಬ್ಬಿಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟು ಎಲ್ಲಾದರೂ ಅಡಗಿಸುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆಟದ ಜಾಲತಾಣದಲ್ಲಿ ಹಾಕುತ್ತಾರೆ. ಬೇರೆಯವರು ಮೊಬೈಲ್ ಹಿಡಿದು ಅಲ್ಲಿಗೆ ಹೋಗಿ ಹುಡುಕುತ್ತಾರೆ. ಸಿಕ್ಕರೆ ನೋಟ್‌ಬುಕ್ಕಿನಲ್ಲಿ ತಮ್ಮ ಆಟದ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರುತ್ತಾರೆ. ಡಬ್ಬಿ ಸ್ವಲ್ಪ ದೊಡ್ಡದಿದ್ದರೆ ಒಳಗೆ ಗೋಲಿ, ಹಳೆಯ ನಾಣ್ಯ, ಕೀಚೈನ್ ಇಂಥವೆಲ್ಲ ಇರುತ್ತವೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ತಿನ್ನುವ ಪದಾರ್ಥ ಇಡುವಂತಿಲ್ಲ, ವಾಸನೆಗೆ ಪ್ರಾಣಿಗಳು ಬಂದು ಡಬ್ಬಿ ಹಾಳುಮಾಡುತ್ತವೆ.

ಈ ಆಟ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 2000ನೇ ಇಸವಿಯವರೆಗೆ ಅಮೆರಿಕದ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಸ್ವಲ್ಪ ಕೆಡಿಸಿ ಕೊಡುತ್ತಿತ್ತು. ನಿಂತ ಜಾಗ ಒಂದಾದರೆ ಯಂತ್ರ ತೋರಿಸುವುದು ಸುಮಾರು ನೂರು ಮೀಟರ್ ಆಚೆ. ಆ ವರ್ಷ ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆಜ್ಞೆಯಂತೆ ಅದನ್ನು ನಿಲ್ಲಿಸಿದರು. ರಾತ್ರೋರಾತ್ರಿ ಎಲ್ಲರ ಕೈಯಲ್ಲಿದ್ದ ಯಂತ್ರಗಳು ಹತ್ತು ಪಟ್ಟು ಚುರುಕಾದವು. ಮೇ 3ರಂದೇ ಡೇವ್ ಅಲ್ಮರ್ ಎಂಬುವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಅರ್ಧ ಹೂತಿಟ್ಟು, ಜಾಗದ ಅಂಕಿಗಳನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಬೀನ್ಸ್ ಡಬ್ಬ ಇದ್ದವು. ಕೆಲವೇ ದಿನದಲ್ಲಿ ಹುಡುಕಿಕೊಂಡು ಬಂದವರು ಮೈಕ್ ಟೀಗ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಶ್ ಇದಕ್ಕೆಂದೇ ಒಂದು ತಾಣ ಶುರುಮಾಡಿದರು. ಈಗ ಪ್ರಪಂಚದಲ್ಲಿ 30 ಲಕ್ಷಕ್ಕೂ ಹೆಚ್ಚು ಕ್ಯಾಶ್‌ಗಳು, ಅಂದರೆ ಹೀಗೆ ಅಡಗಿಸಿದ ಡಬ್ಬಿಗಳು, ಇವೆ. 2008ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ರಿಚರ್ಡ್ ಗ್ಯಾರಿಯಟ್ ಅಲ್ಲಿಯೂ ಒಂದನ್ನು ಮಾಡಿ ಬಂದರು.

ಅಲ್ಮರ್ ಮಾಡಿದ ಹಾಗೆ ಹೂತಿಡುವುದಕ್ಕೆ ಈಗ ಅವಕಾಶವಿಲ್ಲ. ನೆಲ ಅಗೆಯಬಾರದು, ಮರಕ್ಕೆ ಮೊಳೆ ಹೊಡೆಯಬಾರದು, ಜಾಗದ ಯಜಮಾನರ ಒಪ್ಪಿಗೆ ಇರಬೇಕು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಬೇಕು. ಶಾಲೆ, ರೈಲು ಹಳಿ, ಸೇನೆಯ ಜಾಗದ ಹತ್ತಿರ ಸುಳಿಯುವಂತಿಲ್ಲ. ಪ್ರಕಟವಾಗುವ ಮೊದಲು ಸ್ವಯಂಸೇವಕರೊಬ್ಬರು ಇದನ್ನೆಲ್ಲ ಪರಿಶೀಲಿಸುತ್ತಾರೆ.

ನಿಯಮ ಪಾಲಿಸಿದ ಮಾತ್ರಕ್ಕೆ ಕ್ಯಾಶ್ ಒಳ್ಳೆಯದಾಗಿಬಿಡುವುದಿಲ್ಲ. ಯಾವುದೋ ಫ್ಲೈಓವರ್ ಕಂಬಿಯ ಹಿಂದೆ ಆಯಸ್ಕಾಂತ ಅಂಟಿಸಿದ, ಬೆರಳ ತುದಿಯಷ್ಟು ಚಿಕ್ಕ ನ್ಯಾನೋ ಡಬ್ಬಿ ಇಟ್ಟರೂ ನಿಯಮದಂತೆ ಸರಿಯೇ. ಹೋದೆ, ಮುಟ್ಟಿದೆ, ಸಹಿ ಹಾಕಿದೆ, ಬಂದೆ. ಎಣಿಕೆ ಒಂದು ಜಾಸ್ತಿಯಾಗುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಕ್ಯಾಶ್ ಇಡುವುದೆಂದರೆ ನೆಂಟರನ್ನು ಊಟಕ್ಕೆ ಕರೆದ ಹಾಗೆ. ಕರೆದ ಮೇಲೆ ಬಡಿಸಲು ಏನಾದರೂ ಇರಬೇಕು. ಗುಡ್ಡದ ತುದಿಯ ನೋಟವೋ, ಯಾರೂ ಗಮನಿಸದ ವೀರಗಲ್ಲೋ, ಊರಿನವರಿಗೆ ಮಾತ್ರ ಗೊತ್ತಿರುವ ಹಳೆಯ ಬಾವಿಯೋ. ಡಬ್ಬಿ ಸಿಗದೆ ವಾಪಸ್ ಹೋದವರಿಗೂ ಬಂದದ್ದಕ್ಕೆ ಸಾರ್ಥಕವಾಯಿತು ಅನ್ನಿಸಿದರೆ ಆ ಕ್ಯಾಶ್ ಗೆದ್ದಿತು. ಯಾಕೆ ಇಲ್ಲಿಗೇ ಕರೆದೆ ಎಂಬ ಪ್ರಶ್ನೆಗೆ ಇಟ್ಟವರ ಹತ್ತಿರ ಉತ್ತರ ಇರಬೇಕು.

ಇಷ್ಟನ್ನು ಈ ಆಟ ಆಡುವ ಜಗತ್ತಿನ ಎಲ್ಲ ಕ್ಯಾಶರ್‌ಗಳೂ ಒಪ್ಪುತ್ತಾರೆ. ಇನ್ನೊಂದು ಮಾತಿದೆ, ಅದು ನನಗೆ ಪುಣೆಯಲ್ಲಿ ಆಡುತ್ತಾ ಆಡುತ್ತಾ ಹೊಳೆದದ್ದು.

ಈ ಆಟದಲ್ಲಿ ಆಟ ಗೊತ್ತಿಲ್ಲದವರನ್ನು ಮಗಲ್ ಅಂತಾರೆ. ಮಗಲ್‌ಗಳ ಕಣ್ಣಿಗೆ ಬೀಳದ ಹಾಗೆ ಅಡಗಿಸು, ಅವರಿಲ್ಲದಾಗ ಹುಡುಕು, ಅವರು ನೋಡುತ್ತಿದ್ದರೆ ಶೂ ಲೇಸ್ ಕಟ್ಟುತ್ತಿರುವ ಹಾಗೆ ಮಾಡು. ಹೊಸಬರಿಗೆ ಮೊದಲು ಹೇಳಿಕೊಡುವುದೇ ಇದು. ಆರೆಗನ್ನಿನ ಕಾಡಿಗೆ ಇದು ಸರಿ. ಪುಣೆಗೆ ಹೊಂದುವುದಿಲ್ಲ. ಇಲ್ಲಿ ಮಗಲ್ ಇಲ್ಲದ ಗಳಿಗೆಯೇ ಇಲ್ಲ. ಕದ್ದುಮುಚ್ಚಿ ಇಟ್ಟ ಡಬ್ಬಿಯನ್ನು ಮೊದಲು ನೋಡುವವರೂ ಅವರೇ. ಭಂಗಾರ್, ಅಂದರೆ ಗುಜರಿ, ಆಯುವವರಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಎಂದರೆ ಅವತ್ತಿನ ಒಂದಿಷ್ಟು ದುಡ್ಡು. ಅವರು ತೆಗೆದುಕೊಂಡು ಹೋದರೆ ಅದರಲ್ಲಿ ತಪ್ಪೇನಿದೆ? ಅದು ಏನು ಅಂತ ಅವರಿಗೆ ಯಾರೂ ಹೇಳಿಲ್ಲವಲ್ಲ.

ಒಂದು ಟೇಕಡಿಯಲ್ಲಿ ನಾನೂ ಮಗಳೂ ಬೇರೆಯವರ ಕ್ಯಾಶ್ ಹುಡುಕುತ್ತಿದ್ದೆವು. ಯಾವ ಟೇಕಡಿ ಅಂತ ಹೇಳುವುದಿಲ್ಲ, ಮುಂದೆ ಹುಡುಕುವವರ ಖುಷಿ ಹಾಳಾಗಬಾರದು. ಮೊಬೈಲ್ ಒಂದು ಕಲ್ಲಿನ ರಾಶಿಯ ಹತ್ತಿರ ತಂದು ನಿಲ್ಲಿಸಿತ್ತು. ಇಬ್ಬರೂ ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ.

"ಏನರ ಕಳಕೊಂಡೀರೇನ್ರೀ? ಕನ್ನಡದಾಗ ಮಾತಾಡೂದು ಕೇಳಿ ನಿಂತೆ."

ವಿಜಯಪುರದ ಕಡೆಯ ಕಾಕಾ. ಬ್ಯಾಂಕಿನಿಂದ ನಿವೃತ್ತರಾಗಿ ಮಗನ ಮನೆಯಲ್ಲಿದ್ದಾರೆ, ದಿನಾ ಅದೇ ದಾರಿಯಲ್ಲಿ ವಾಕಿಂಗ್. ಶೂ ಲೇಸಿನ ನಾಟಕಕ್ಕೆ ಅವಕಾಶವೇ ಇರಲಿಲ್ಲ. ಮಗಳು ಅವರಿಗೆ ಇಡೀ ಆಟವನ್ನು ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿ, ಕಲ್ಲಿನ ರಾಶಿಯನ್ನೊಮ್ಮೆ ನೋಡಿದರು. "ಇಲ್ಲಿ ಇರಂಗಿಲ್ಲವ್ವಾ. ಮಳಿಗಾಲದಾಗ ಇಲ್ಲೇ ನೀರು ಹರೀತದ. ಇಟ್ಟಾಂವ ಶ್ಯಾಣ್ಯಾ ಇದ್ರ ಮ್ಯಾಲಿನ ಕಲ್ಲಿನ ಹಿಂದ ಇಟ್ಟಿರ್ತಾನ."

ಮೇಲಿನ ಕಲ್ಲಿನ ಹಿಂದೆಯೇ ಇತ್ತು. ಉಪಗ್ರಹಗಳು ನಮ್ಮನ್ನು ಐದಾರು ಮೀಟರ್ ಹತ್ತಿರಕ್ಕೆ ತಂದು ಬಿಟ್ಟವು. ಉಳಿದ ದಾರಿ ತೋರಿಸಿದ್ದು ಆ ಗುಡ್ಡವನ್ನು ದಿನಾ ನೋಡುವ ಮನುಷ್ಯ. ಮಗಳು ನೋಟ್‌ಬುಕ್ಕಿನಲ್ಲಿ ಅವರಿಂದಲೂ ಸಹಿ ಹಾಕಿಸಿದಳು. ಆಮೇಲೆ ಸಿಕ್ಕಾಗಲೆಲ್ಲ ಕಾಕಾ ವರದಿ ಕೊಡುತ್ತಾರೆ. ಡಬ್ಬಿ ಇದೆ, ಮುಚ್ಚಳ ಸಡಿಲವಾಗಿತ್ತು ಬಿಗಿ ಮಾಡಿದೆ, ಮೊನ್ನೆ ಹುಡುಗರು ತೆಗೆದು ನೋಡುತ್ತಿದ್ದರು, ತಿಳಿಸಿ ಹೇಳಿ ವಾಪಸ್ ಇಡಿಸಿದೆ. ಆ ಕ್ಯಾಶ್ ಇಟ್ಟವರು ಯಾರೋ ಕಾಕಾ ಅವರಿಗೆ ಗೊತ್ತಿಲ್ಲ, ಕಾಕಾ ಯಾರು ಅಂತ ಅವರಿಗೂ ಗೊತ್ತಿಲ್ಲ. ಆದರೆ ಆ ಡಬ್ಬಿ ಇನ್ನೂ ಇರುವುದು ಇವರಿಂದ.

ಅಲ್ಲಿಂದ ನನ್ನ ಲೆಕ್ಕಾಚಾರವೇ ಬದಲಾಯಿತು. ನಮ್ಮ ಊರುಗಳಲ್ಲಿ ಡಬ್ಬಿಗೆ ಯಾರೂ ನೋಡದ ಜಾಗ ಹುಡುಕಬೇಕಿಲ್ಲ. ಯಾರಾದರೂ ಒಬ್ಬರು ಪ್ರೀತಿಯಿಂದ ನೋಡಿಕೊಳ್ಳುವ ಜಾಗ ಹುಡುಕಬೇಕು. ಸೊಸೈಟಿಯ ವಾಚ್‌ಮನ್, ನರ್ಸರಿ ನಡೆಸುವವರು, ದೇವಸ್ಥಾನದ ಎದುರು ಹೂ ಮಾರುವ ಮಾವಶಿ, ಯಾರಾದರೂ ಸರಿ. ಅವರಿಗೆ ಮೊದಲೇ ಎಲ್ಲ ಹೇಳಿ, ತೋರಿಸಿ, ಒಪ್ಪಿಸಿ ಇಡಬೇಕು.

ಇದರಲ್ಲಿ ಸುರಕ್ಷತೆಯ ವಿಷಯವೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2010ರ ಫೆಬ್ರವರಿ 13ರಂದು ಕೊರೆಗಾವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬ್ ಸಿಡಿದು 17 ಜನ ಸತ್ತರು. ಯಾರೋ ಬಿಟ್ಟುಹೋದ ಒಂದು ಬ್ಯಾಗಿನಲ್ಲಿ ಬಾಂಬ್ ಇತ್ತು. ಆ ಸಂಜೆಯನ್ನು ಕಂಡ ಊರಿನಲ್ಲಿ ವಾರಸುದಾರರಿಲ್ಲದ ಡಬ್ಬಿ ಎಂದರೆ ಜನ ಹೆದರುತ್ತಾರೆ, ಹೆದರಬೇಕಾದದ್ದೇ. ಹಾಗಾಗಿ ನಾನು ಒಳಗಿರುವುದೆಲ್ಲ ಕಾಣುವ ಪಾರದರ್ಶಕ ಡಬ್ಬಿಯನ್ನೇ ಬಳಸುತ್ತೇನೆ. ಮೇಲೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇದು ಆಟದ ಡಬ್ಬಿ, ಅಪಾಯವಿಲ್ಲ ಎಂದು ಬರೆದು ಫೋನ್ ನಂಬರ್ ಹಾಕುತ್ತೇನೆ. ಬಸ್ ನಿಲ್ದಾಣ, ಮೆಟ್ರೋ ಸ್ಟೇಷನ್, ಗಣಪತಿ ಮಂಡಳಗಳು ಪೆಂಡಾಲ್ ಹಾಕುವ ಚೌಕಗಳ ಕಡೆಗೆ ತಲೆ ಹಾಕುವುದೇ ಇಲ್ಲ. ಡಬ್ಬಿಯ ಬಗ್ಗೆ ಗೊತ್ತಿರುವ ಒಬ್ಬರು ಆ ಜಾಗದಲ್ಲೇ ಇದ್ದರೆ, ಪೊಲೀಸರಿಗೆ ಫೋನ್ ಹೋಗುವ ಮೊದಲು ಅವರೇ ಬಂದು ಹೇಳುತ್ತಾರೆ. ಈ ಒಂದೇ ಕಾರಣಕ್ಕಾದರೂ ಕಾವಲಿನವರು ಬೇಕು.

ನನ್ನ ಒಂದು ಕ್ಯಾಶ್ ಇರುವುದು ಒಂದು ಉಡುಪಿ ಹೋಟೆಲಿನ ಹಿಂದಿನ ಅಂಗಳದಲ್ಲಿ. ಮಾಲೀಕರು ಕುಂದಾಪುರದ ಕಡೆಯವರು. ಡಬ್ಬಿ ಕೈಗೆ ಕೊಟ್ಟು ವಿವರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು.

"ಎಂಥ ಮಾರಾಯ್ರೆ, ಇದನ್ನ ಹುಡುಕುಕೆ ಜನ ಬತ್ರಾ?"

"ಬರ್ತಾರೆ ಶೆಟ್ರೇ. ದೂರದಿಂದಲೂ ಬರ್ತಾರೆ. ಆದ್ರೆ ಅವರು ಇಲ್ಲಿ ಏನೂ ತಗೊಳ್ಳಲೇಬೇಕು ಅಂತಿಲ್ಲ. ಹೋಟೆಲ್ ಹೆಸರೂ ನಾನು ಹಾಕೋ ಹಾಗಿಲ್ಲ."

ಅದು ಆಟದ ನಿಯಮ. ಕ್ಯಾಶ್ ಯಾವ ವ್ಯಾಪಾರಕ್ಕೂ ಜಾಹೀರಾತು ಆಗಬಾರದು. ಶೆಟ್ಟರಿಗೆ ಅದು ಒಂದು ಮಾತೇ ಆಗಲಿಲ್ಲ. "ಇಡಿ, ಇಡಿ. ಹುಡುಗ್ರಿಗೂ ಹೇಳಿಡ್ತೆ" ಅಂದರು. ಹೋಟೆಲಿನ ಹುಡುಗರು ಈಗ ಆ ಡಬ್ಬಿಯ ನಿಜವಾದ ಒಡೆಯರು. ಅಂಗಳದಲ್ಲಿ ಯಾರಾದರೂ ಮೊಬೈಲ್ ನೋಡುತ್ತಾ ಸುತ್ತು ಹೊಡೆದರೆ ಅವರಿಗೆ ಗೊತ್ತಾಗುತ್ತದೆ. ಎಲ್ಲಿದೆ ಅಂತ ಬಾಯಿ ಬಿಡುವುದಿಲ್ಲ, ಸುಮ್ನೆ ನಗುತ್ತಾರೆ. ಜೋರು ಮಳೆ ಬಂದ ದಿನ ತಾವಾಗಿಯೇ ಡಬ್ಬಿ ಒಳಗೆ ತೆಗೆದಿಟ್ಟು ನನಗೆ ಫೋನ್ ಮಾಡುತ್ತಾರೆ. ಹುಡುಕಿದವರು ತಾಣದಲ್ಲಿ ಬರೆಯುವ ಮಾತುಗಳಲ್ಲಿ ಡಬ್ಬಿಗಿಂತ ಜಾಸ್ತಿ ಈ ಹುಡುಗರ ಸುದ್ದಿಯೇ ಇರುತ್ತದೆ.

ಮಳೆಯ ಮಾತು ಬಂತಲ್ಲ, ಅದು ಇಲ್ಲಿನ ಕ್ಯಾಶರ್‌ಗಳಿಗೆ ನಿಜವಾದ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಂಹಗಡದ ಕಡೆ ಮೋಡ ನೆಲಕ್ಕೇ ಇಳಿದಿರುತ್ತದೆ. ಆ ತೇವಕ್ಕೆ ಸಾಮಾನ್ಯ ಟಿಫಿನ್ ಡಬ್ಬಿ ತಡೆಯುವುದಿಲ್ಲ. ಹಳೆಯ ಫಿಲ್ಮ್ ರೋಲ್ ಡಬ್ಬಿಯನ್ನು ವಿದೇಶದಲ್ಲಿ ಬಹಳ ಬಳಸುತ್ತಾರೆ, ನಮ್ಮ ಮಳೆಗೆ ಅದು ಪ್ರಯೋಜನವಿಲ್ಲ, ಒಂದೇ ಮಳೆಗಾಲಕ್ಕೆ ಕಾಗದ ಮುದ್ದೆಯಾಗುತ್ತದೆ. ನಾಲ್ಕೂ ಕಡೆ ಕೊಕ್ಕೆ ಹಾಕಿ ಮುಚ್ಚುವ, ಅಂಚಿನಲ್ಲಿ ರಬ್ಬರ್ ಇರುವ ಡಬ್ಬಿ ವಾಸಿ. ಚಿಕ್ಕದು ಬೇಕಾದರೆ ಸೋಡಾ ಬಾಟಲಿ ಊದುವ ಮೊದಲಿನ ದಪ್ಪ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಅದರ ಮುಚ್ಚಳ ಬಿಗಿಯಾಗಿ ಕೂರುತ್ತದೆ. ನೋಟ್‌ಬುಕ್ಕನ್ನು ಜಿಪ್ ಕವರಿನಲ್ಲಿ ಹಾಕಿ, ಜೊತೆಗೆ ಹೊಸ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಬೇಕು. ಪೆನ್ ಬೇಡ, ಪೆನ್ಸಿಲ್ ಇಡಿ. ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಬರಹ ನೆನೆದರೂ ಉಳಿಯುತ್ತದೆ. ಕೋಟೆಗಳ ಹತ್ತಿರ ಕೋತಿಗಳಿವೆ, ಹೊಳೆಯುವ ಬಣ್ಣದ ಡಬ್ಬಿ ಇಟ್ಟರೆ ಅವು ಬಿಡುವುದಿಲ್ಲ.

ಹುಡುಕುವವರ ಕೈ ಎಲ್ಲಿಗೆ ಹೋಗುತ್ತದೆ ಅಂತಲೂ ಇಟ್ಟವರು ಯೋಚಿಸಬೇಕು. ಪುಣೆಯ ಸುತ್ತಿನ ಗುಡ್ಡಗಳಲ್ಲಿ ಕೊಳಕುಮಂಡಲ, ಗರಗಸ ಮಂಡಲ ಎರಡೂ ಬಗೆಯ ವಿಷದ ಹಾವುಗಳಿವೆ. ಕಾಣದ ಕಲ್ಲಿನ ಪೊಟರೆಯೊಳಗೆ ಬೆರಳು ಹಾಕಲೇಬೇಕಾದ ಕಡೆ ಡಬ್ಬಿ ಇಡುವುದು ಸರಿಯಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮಕ್ಕಳು ಹುಡುಕುವ ಆಟ ಇದು. ಬಗ್ಗಿ ನೋಡಿದರೆ ಕಾಣಬೇಕು, ಕೋಲಿನಿಂದ ಸರಿಸಿದರೆ ಸಿಗಬೇಕು.

ಕಷ್ಟದ ಮಟ್ಟವನ್ನು ಹೇಳುವುದರಲ್ಲೂ ಪ್ರಾಮಾಣಿಕತೆ ಬೇಕು. ಪ್ರತಿ ಕ್ಯಾಶಿಗೂ ಎರಡು ಅಂಕ ಕೊಡುತ್ತಾರೆ. ಹುಡುಕುವುದು ಎಷ್ಟು ಕಷ್ಟ ಅಂತ ಒಂದು, ದಾರಿ ಎಷ್ಟು ಕಷ್ಟ ಅಂತ ಇನ್ನೊಂದು. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಲೆಕ್ಕದಲ್ಲಿ. ದಾರಿಗೆ 1 ಅಂದರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ಡಬ್ಬಿ ಎಟುಕಬೇಕು. ಪುಣೆಯ ಫುಟ್‌ಪಾತ್ ನೋಡಿದರೆ ಈ ಅಂಕ ಕೊಡಲು ಎಷ್ಟು ಯೋಚಿಸಬೇಕು ಅಂತ ಗೊತ್ತಾಗುತ್ತದೆ. ಒಮ್ಮೆ ಗಾಲಿಕುರ್ಚಿ ಬಳಸುವ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿ ಕೇಳಿದ್ದೆ. ಅವರು ಒಂದು ಗಟಾರದ ಚಪ್ಪಡಿ ತೋರಿಸಿದರು. ಆ ಬಿರುಕು ದಾಟುವುದು ಆಗುವುದಿಲ್ಲ ಅಂದರು. ನನ್ನ ಕಣ್ಣಿಗೆ ಆ ಚಪ್ಪಡಿ ಬೀಳುತ್ತಲೇ ಇರಲಿಲ್ಲ.

ಅಂಕಿಗಳ ವಿಷಯ ಇನ್ನೊಂದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಮಾತ್ರ ಮೊಬೈಲಿಗೆ ತಾನು ಎಲ್ಲಿದ್ದೇನೆ ಅಂತ ಸರಿಯಾಗಿ ಗೊತ್ತಾಗುತ್ತದೆ. ಬಯಲಿನಲ್ಲಿ ಸಮಸ್ಯೆ ಇಲ್ಲ. ಲಕ್ಷ್ಮೀ ರಸ್ತೆಯಂಥ ಎರಡೂ ಕಡೆ ಕಟ್ಟಡಗಳಿರುವ ಕಡೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬಳಸಿ ಬರುತ್ತದೆ, ಮೊಬೈಲ್ ನಿಮ್ಮನ್ನು ಪಕ್ಕದ ಅಂಗಡಿಯೊಳಗೆ ತೋರಿಸುತ್ತದೆ. ಕ್ಯಾಶರ್‌ಗಳು ಅಕ್ಷಾಂಶವನ್ನು ಡಿಗ್ರಿ, ನಿಮಿಷ, ನಿಮಿಷದ ಸಾವಿರದ ಒಂದು ಭಾಗದವರೆಗೆ ಬರೆಯುತ್ತಾರೆ. ಅಕ್ಷಾಂಶದ ಒಂದು ನಿಮಿಷ ನೆಲದ ಮೇಲೆ ಸುಮಾರು 1,852 ಮೀಟರ್. ಹಾಗಾಗಿ ಕೊನೆಯ ಅಂಕಿಯ ಒಂದು ಹೆಜ್ಜೆ ಎರಡು ಮೀಟರಿಗೂ ಕಡಿಮೆ. ಒಂದೇ ಸಲ ಅಳೆದು ಬರೆಯಬಾರದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ದಿಕ್ಕಿನಿಂದ ನಡೆದು ಬಂದು ಅಳೆದು ಸರಾಸರಿ ತೆಗೆಯಬೇಕು. ಬೇಸರದ ಕೆಲಸ, ಆದರೆ ಹುಡುಕುವವರಿಗೆ ನಾವು ಕೊಡಬೇಕಾದ ಮೊದಲ ಮರ್ಯಾದೆ ಇದು.

ಕೆಲವು ಜಾಗಗಳಿಗೆ ಡಬ್ಬಿ ಬೇಡವೇ ಬೇಡ. ಅರ್ತ್‌ಕ್ಯಾಶ್ ಅಂತ ಒಂದು ಬಗೆಯಿದೆ, 2004ರಲ್ಲಿ ಶುರುವಾದದ್ದು. ಅಲ್ಲಿ ಏನೂ ಅಡಗಿಸುವುದಿಲ್ಲ. ಭೂಮಿಯ ಬಗ್ಗೆ ಕೇಳಿದ ಪ್ರಶ್ನೆಗೆ ಆ ಜಾಗ ನೋಡಿ ಉತ್ತರ ಕಳಿಸಬೇಕು. ನಮ್ಮ ಪುಣೆ ನಿಂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಗಳ ಮೇಲೆ. ಸಿಂಹಗಡದ ದಾರಿಯಲ್ಲಿ ಒಂದು ಹರಿವಿನ ಮೇಲೆ ಇನ್ನೊಂದು ಕೂತಿರುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಅಲ್ಲಿ ನಿಂತು ಪದರಗಳನ್ನು ಎಣಿಸುವ ಮಗುವಿಗೆ ಪ್ಲಾಸ್ಟಿಕ್ ಡಬ್ಬಿಯೊಳಗಿನ ಕೀಚೈನ್ ಯಾಕೆ ಬೇಕು?

ಈಗ ನಾನು ಕಟ್ಟುತ್ತಿರುವುದು ಒಂದು ಮಲ್ಟಿ. ಒಂದು ಜಾಗದ ಉತ್ತರದಿಂದ ಮುಂದಿನ ಜಾಗದ ಅಂಕಿ ಸಿಗುವ ಬಗೆ. ಪುಣೆಯಲ್ಲಿ ಕನ್ನಡದ ಗುರುತುಗಳನ್ನು ಒಂದು ದಾರಿಯಲ್ಲಿ ಪೋಣಿಸಬೇಕು ಎಂಬುದು ನನ್ನ ಬಹುದಿನದ ಆಸೆ. ಶುರುವಾಗುವುದು ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹೆಯಲ್ಲಿ. ಎಂಟನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಒಂದೇ ಕಪ್ಪು ಬಂಡೆಯಲ್ಲಿ ಕೊರೆದ ಗುಡಿ ಅದು. ಎದುರಿಗೆ ದುಂಡನೆಯ ನಂದಿ ಮಂಟಪ. ಪುಣೆಗೆ ಕೆಲಸಕ್ಕೆ ಬಂದ ಎಷ್ಟೋ ಕನ್ನಡಿಗರು ಬಸ್ಸಿನಲ್ಲಿ ದಿನಾ ಅದರ ಮುಂದೆ ಹಾದು ಹೋಗುತ್ತಾರೆ, ಒಳಗೆ ಇಳಿದಿರುವುದಿಲ್ಲ. ಆ ಮಂಟಪದ ಕಂಬಗಳನ್ನು ಎಣಿಸುವುದೇ ನನ್ನ ಮೊದಲ ಪ್ರಶ್ನೆ. ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಒಂದು ಕಾಗದದ ಚೂರನ್ನೂ ಇಡುವಂತಿಲ್ಲ, ಇಡುವುದೂ ಬೇಡ. ಕಣ್ಣಿಂದ ನೋಡಿ ಎಣಿಸಿದರೆ ಸಾಕು. ಅಲ್ಲಿಂದ ಬೇಂದ್ರೆಯವರು ಓದಿದ ಫರ್ಗ್ಯುಸನ್ ಕಾಲೇಜಿನ ಕಡೆಗೆ ನಡಿಗೆ, ರಸ್ತೆಯಿಂದಲೇ ಕಾಣುವ ಒಂದು ಫಲಕದಿಂದ ಎರಡನೆಯ ಉತ್ತರ. ಗದಗ ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಸಂಗೀತೋತ್ಸವದ ಮೇಲೆ ಮೂರನೆಯ ಪ್ರಶ್ನೆ. ಆ ಇಸವಿಯ ಅಂಕಿಗಳನ್ನೇ ಲೆಕ್ಕಕ್ಕೆ ಬಳಸಬೇಕೆಂದಿದ್ದೇನೆ.

ಕೊನೆಯಲ್ಲಿ ನಿಜವಾದ ಡಬ್ಬಿ ಬೇಕು. ಅದಕ್ಕೆ ಅದೇ ಆಸುಪಾಸಿನ ಒಂದು ಹಳೆ ಪುಸ್ತಕದ ಅಂಗಡಿಯವರನ್ನು ಕೇಳಿದ್ದೇನೆ. ಅವರು ಮರಾಠಿಯವರು. ಪಾತಾಳೇಶ್ವರದಿಂದ ಶುರುವಾಗುತ್ತದೆ ಅಂದಾಗ ಮುಖ ಅರಳಿತು. ಆದರೆ ಹೂಂ ಅನ್ನುವ ಮೊದಲು ಎರಡು ಪ್ರಶ್ನೆ ಹಾಕಿದರು. ಅಂಗಡಿ ಮುಚ್ಚಿದ ದಿನ ಬಂದವರು ಏನು ಮಾಡಬೇಕು? ಇನ್ನು ಐದು ವರ್ಷಕ್ಕೆ ನೀವು ಪುಣೆ ಬಿಟ್ಟು ಹೋದರೆ ಇದನ್ನು ನೋಡಿಕೊಳ್ಳುವವರು ಯಾರು? ಮೊದಲನೆಯದಕ್ಕೆ ಉತ್ತರ ಸುಲಭ, ಅಂಗಡಿಯ ಹೊರಗಿನ ಕಟ್ಟೆಯ ಕೆಳಗೆ ಇಟ್ಟರಾಯಿತು. ಎರಡನೆಯದಕ್ಕೆ ಟೇಕಡಿಯ ಕಾಕಾ ಅವರ ಹತ್ತಿರ, ನಮ್ಮ ಸೊಸೈಟಿಯ ಇಬ್ಬರು ಕಾಲೇಜು ಹುಡುಗರ ಹತ್ತಿರ ಮಾತಾಡಿದ್ದೇನೆ. ಹುಡುಗರು ಒಪ್ಪಿದ್ದಾರೆ. ಈ ವಾರ ಅವರನ್ನೇ ಕರೆದುಕೊಂಡು ಅಂಗಡಿಗೆ ಹೋಗಬೇಕು.